ಸಿಗಂದೂರು ಸೇತುವೆ ಬಂದ ಮೇಲೆ ಲಾಂಚ್ ನಂಬಿದ್ದವರ ಬದುಕು ಏನಾಯ್ತು?

ಸಾಗರಪೇಟೆ: ನಮಸ್ಕಾರ. 2025ರ ಜುಲೈ 14ಕ್ಕೆ ನಮ್ಮ ಸಾಗರ ತಾಲೂಕಿನಲ್ಲಿ ಸಿಗಂದೂರಿಗೆ ಹೋಗುವ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಅಲ್ಲಿಯವರೆಗೆ ಹೊಳೆಬಾಗಿಲಿನಲ್ಲಿ ಶರಾವತಿ ಹಿನ್ನೀರು ದಾಟೋಕೆ ಲಾಂಚೇ ಗತಿ. ಬಸ್ಸು, ಬೈಕು, ಗೊಬ್ಬರದ ಚೀಲ, ಮದುವೆ ದಿಬ್ಬಣ ಎಲ್ಲಾ ಒಟ್ಟಿಗೇ ದಾಟುತ್ತಿದ್ದವು. ದಡದಲ್ಲಿ ಚಾ ಅಂಗಡಿ ಇಟ್ಟವರು, ಲಾಂಚಿನಲ್ಲಿ ದಿನಗೂಲಿಗೆ ದುಡಿದವರು ಈಗ ಏನು ಮಾಡುತ್ತಿದ್ದಾರೆ? ಆ ದಿನಗಳನ್ನು ಬರೆದಿಡಬೇಕು, ಒಂದು ಲಾಂಚನ್ನಾದರೂ ಉಳಿಸಬೇಕು ಅಂತ ನನ್ನ ಆಸೆ.

ಕರೂರುಸೀಮೆ: ಉಳಿಸಿ, ಬೇಡ ಅನ್ನಲ್ಲ. ಆದರೆ ಸಂಜೆ ಕೊನೇ ಲಾಂಚ್ ಹೋಯ್ತು ಅಂದರೆ ಬೆಳಗಾಗುವವರೆಗೆ ನಾವು ದ್ವೀಪದವರೇ ಆಗಿದ್ದೆವು, ಹೆರಿಗೆ ನೋವು ಬಂದವರನ್ನು ದಡದವರೆಗೆ ತಂದು ಸಿಬ್ಬಂದಿಗೆ ಫೋನ್ ಮಾಡುತ್ತಾ ಕೂತಿರಬೇಕಿತ್ತು, ಅದನ್ನೂ ಬರೆಯಿರಿ. ಬೇಸಿಗೆಯಲ್ಲಿ ನೀರು ಇಳಿದರೆ ಗಾಡಿ ಹತ್ತಿಸುತ್ತಿರಲಿಲ್ಲ, ಜನ ಮಾತ್ರ. ರಜೆ ದಿನ ಪ್ರವಾಸಿಗರ ಕಾರಿನ ಸಾಲು, ಊರಿನವರು ಹಿಂದೆ. ಲಾಂಚಿನ ಹುಡುಗರು ಮಾತ್ರ ಮನೆಯವರ ಹಾಗೇ ಇದ್ದರು, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಅವರಿಗೆ ಗೊತ್ತಿರುತ್ತಿತ್ತು. ಅವರಿಗೆ ಬೇರೆ ಕೆಲಸ ಕೊಡಲೇಬೇಕು. ಲಾಂಚ್ ಉಳಿಸೋ ಮಾತು ಆಮೇಲೆ.

ಮುಳುಗಡೆಮನೆ: ಅಣ್ಣಾ, ಲಾಂಚಿನಿಂದ ಶುರು ಮಾಡಿದರೆ ಅರ್ಧ ಕಥೆ ಬಿಟ್ಟುಹೋಗುತ್ತೆ. ಅದು ಬಂದಿದ್ದೇ 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ. ಅದಕ್ಕೂ ಮೊದಲು ಮಡೆನೂರಿನಲ್ಲಿ ಇನ್ನೊಂದು ಅಣೆಕಟ್ಟಿತ್ತು, ಅದೂ ಈ ಹಿನ್ನೀರಿನಲ್ಲೇ ಮುಳುಗಿದೆ, ಮಳೆ ತೀರಾ ಕೈಕೊಟ್ಟ ವರ್ಷ ಎದ್ದು ಕಾಣುತ್ತೆ. ಗದ್ದೆ, ತೋಟ ಬಿಟ್ಟು ಎದ್ದ ನಮ್ಮ ಹಿರಿಯರನ್ನು ಶೆಟ್ಟಿಹಳ್ಳಿ ಕಡೆಯ ಕಾಡಿಗೆ ತಂದು ಬಿಟ್ಟರು. ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರ ಇಲ್ಲ. ನಾಡಿಗೆಲ್ಲಾ ಕರೆಂಟ್ ಕೊಟ್ಟವರಿಗೆ ಕೂತ ಜಾಗವೇ ತಮ್ಮದಲ್ಲ ಅಂದರೆ ಹೊಟ್ಟೆ ಉರಿಯುತ್ತೆ.

ನಾವು ದೀವರ ಸಮುದಾಯದವರು. ನಮ್ಮ ಅಜ್ಜಿ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಹಸೆ ಚಿತ್ತಾರ ಬರೆಯುತ್ತಿದ್ದರು. ಗೆರೆ ಒಂದಿಷ್ಟೂ ಅಲುಗುತ್ತಿರಲಿಲ್ಲ. ಈಗಿನ ಸಿಮೆಂಟ್ ಗೋಡೆಗೆ ಪೇಂಟ್ ಹೊಡೆಸಿದ್ದೇವೆ, ಮದುವೆ ಬಂದರೆ ಬರೆಯೋರನ್ನು ಹುಡುಕಬೇಕು.

ಸಾಗರಪೇಟೆ: ಇಷ್ಟು ಹಿಂದಕ್ಕೆ ಹೋಗಬೇಕು ಅಂತ ಹೊಳೆದಿರಲಿಲ್ಲ. ಮುಳುಗಡೆ ಕಂಡವರು ನಿಮ್ಮ ಕಡೆ ಯಾರಾದರೂ ಮಾತಾಡುತ್ತಾರಾ?

ಮುಳುಗಡೆಮನೆ: ದೊಡ್ಡಪ್ಪ ಇದ್ದಾರೆ. ಕಿವಿ ಸ್ವಲ್ಪ ಮಂದ, ನೆನಪು ಚೆನ್ನಾಗಿದೆ. ಅಡಿಕೆ ಕೊಯ್ಲು ಶುರುವಾಗೋಕೆ ಮುಂಚೆ ಬನ್ನಿ, ಆಮೇಲೆ ಯಾರೂ ಕೈಗೆ ಸಿಗಲ್ಲ.