ಕಡತದ ತಲೆಯಲ್ಲಿ ಹೆಸರಿದೆ, ಲೈಸೆನ್ಸ್ ಇಲ್ಲ: ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶವೊಂದನ್ನು ಬರೆದು ಜಿಪಿಎಲ್ 3ರ (ತಿದ್ದಿ ಹಂಚಬಹುದು, ಆದರೆ ಅದೇ ಷರತ್ತಿನಲ್ಲೇ ಎನ್ನುವ ಲೈಸೆನ್ಸ್) ಅಡಿ ಹಂಚುತ್ತಿದ್ದೇನೆ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗೆ ಸೇರಿಸಲು ಮುಂದೆ ಬಂದ ಸ್ವಯಂಸೇವಕರು, ಒಳಗೆ ನನ್ನದಲ್ಲದ ಮೂರು ವಸ್ತುಗಳಿವೆ ಎಂದು ವಾಪಸ್ ಕಳಿಸಿದರು. ಒಂದು, ಯೂನಿಕೋಡ್ ಪಠ್ಯವನ್ನು ಯುಟಿಎಫ್-16 ರೂಪದಿಂದ ಯುಟಿಎಫ್-8 ರೂಪಕ್ಕೆ ಬದಲಿಸುವ, ಸಿ ಭಾಷೆಯ ಕಡತ. ತಲೆಯಲ್ಲಿ ಬರೆದವರ ಹೆಸರು, 1998, ‘ಯಾರು ಬೇಕಾದರೂ ಬಳಸಬಹುದು’ ಎಂಬ ಸಾಲು, ಅಷ್ಟೇ. ಎರಡು, ಜಾವಾಸ್ಕ್ರಿಪ್ಟ್ ಕುಗ್ಗಿಸುವ ಜೆಎಸ್‌ಮಿನ್. ಮೂರು, ಎಲ್ಲಿಂದಲೋ ಇಳಿಸಿಕೊಂಡ ‘ಉಚಿತ’ ಕನ್ನಡ ಫಾಂಟ್. ಇಡೀ ತಂತ್ರಾಂಶಕ್ಕೆ ಜಿಪಿಎಲ್ ಕೊಟ್ಟ ಮೇಲೂ ಇದು ತೊಡಕೇ?

ಉತ್ತರ: ತೊಡಕೇ. ನಿಮ್ಮದಲ್ಲದ್ದಕ್ಕೆ ನೀವು ಲೈಸೆನ್ಸ್ ಕೊಡಲಾಗದು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ.

ಫಾಂಟನ್ನು ಇವತ್ತೇ ತೆಗೆಯಿರಿ. ‘ಉಚಿತ’ ಎಂದರೆ ದುಡ್ಡು ಕೇಳುವುದಿಲ್ಲ ಎಂದಷ್ಟೇ. ಲೋಹಿತ್ ಕನ್ನಡವೋ ನೋಟೋ ಸಾನ್ಸ್ ಕನ್ನಡವೋ ಹಾಕಿ. ಎರಡೂ ತಿದ್ದಲು, ಹಂಚಲು ಬಿಡುವ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ.

ಜೆಎಸ್‌ಮಿನ್‌ನ ಲೈಸೆನ್ಸ್‌ನಲ್ಲಿ ‘ಒಳಿತಿಗೆ ಬಳಸಬೇಕು, ಕೆಡುಕಿಗಲ್ಲ’ ಎಂಬ ಷರತ್ತಿದೆ. ಓದಲು ಮುದ್ದಾಗಿದೆ, ಆದರೆ ಕೆಡುಕು ಯಾವುದೆಂದು ಹೇಳುವವರು ಯಾರು? ಬಳಕೆಗೆ ಮಿತಿ ಹಾಕುವುದರಿಂದ ಡೆಬಿಯನ್ ಅದನ್ನು ಮುಕ್ತ ಎಂದು ಒಪ್ಪುವುದಿಲ್ಲ. ಜಾಲತಾಣ ಕಟ್ಟುವ ಪಿಎಚ್‌ಪಿ ಭಾಷೆಯಲ್ಲಿ ಜೇಸನ್ ಮಾದರಿಯ ಮಾಹಿತಿ ಓದುವ ಭಾಗದಲ್ಲೂ ಇದೇ ಷರತ್ತಿತ್ತು. 2015ರಲ್ಲಿ ಪಿಎಚ್‌ಪಿ 7 ಬಂದಾಗ ಆ ಭಾಗವನ್ನು ಹೊಸದಾಗಿ ಬರೆದು ಹಾಕಿದರು. ನೀವು ಕುಗ್ಗಿಸದ ಜಾವಾಸ್ಕ್ರಿಪ್ಟನ್ನೇ ಇಡಿ, ಡೆಬಿಯನ್‌ಗೆ ಬೇಕಿರುವುದೂ ಅದೇ.

ಸಿ ಕಡತವೇ ನಿಜವಾದ ಗಂಟು. ‘ಬಳಸಬಹುದು’ ಎಂದಿದ್ದಾರೆ, ತಿದ್ದಬಹುದು, ಹಂಚಬಹುದು ಎಂದಿಲ್ಲ. ಪಕ್ಕದ ಮನೆಯವರು ಏಣಿ ಬಳಸಿಕೊಳ್ಳಿ ಎಂದರೆ ಅದನ್ನು ಕೊಯ್ದು ಊರಿಗೆ ಹಂಚುತ್ತೀರಾ? ಸಿ ಪ್ರೋಗ್ರಾಂಗಳೆಲ್ಲ ಬಳಸುವ ಕೋಡ್ ಸಂಗ್ರಹವಾದ ಗ್ನೂ ಸಿ ಲೈಬ್ರರಿಯಲ್ಲಿದ್ದ, ಸನ್ ಕಂಪನಿಯ ಆರ್‌ಪಿಸಿ (ಇನ್ನೊಂದು ಕಂಪ್ಯೂಟರ್‌ನಿಂದ ಕೆಲಸ ಮಾಡಿಸುವ) ಕೋಡ್‌ಗೂ ಇಂಥದೇ ಕಾಟವಿತ್ತು: ನಕಲು ಮಾಡಿ, ತಿದ್ದಿ, ಆದರೆ ನಿಮ್ಮ ಸ್ವಂತ ಪ್ರೋಗ್ರಾಂನ ಭಾಗವಾಗಿ ಅಲ್ಲದೆ ಇನ್ನೊಬ್ಬರಿಗೆ ಕೊಡಬೇಡಿ. ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ, ಸನ್ ಒರಾಕಲ್ ಕಂಪನಿಯ ಪಾಲಾದ 2010ರಲ್ಲಿ ಅದಕ್ಕೆ, ತಿದ್ದಲು ಹಂಚಲು ಬಿಡುವ ಬಿಎಸ್‌ಡಿ ಲೈಸೆನ್ಸ್ ದೊರೆಯಿತು.

ಬರೆದವರಿಗೊಂದು ಮಿಂಚಂಚೆ ಕಳಿಸಿ. ‘ನನ್ನ ತಂತ್ರಾಂಶದಲ್ಲಿ ಬಳಸಲೇ’ ಎಂದು ಕೇಳಬೇಡಿ. ಆ ಒಪ್ಪಿಗೆ ನಿಮಗೊಬ್ಬರಿಗೇ ಆಗುತ್ತದೆ. ಹೀಗೆ ಕೇಳಿ (ಎಂಐಟಿ ಎಂದರೆ ಬರೆದವರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ತಿದ್ದಿ ಹಂಚಲು ಬಿಡುವ ಲೈಸೆನ್ಸ್): ‘ನಿಮ್ಮ ಈ ಕಡತವನ್ನು ಎಂಐಟಿ ಲೈಸೆನ್ಸ್‌ನ ಅಡಿ ಎಲ್ಲರಿಗೂ ಬಿಟ್ಟುಕೊಡಲು ಒಪ್ಪುವಿರಾ? ಇದು ನಿಮ್ಮ ಸ್ವಂತದ್ದೇ, ಕೆಲಸದಲ್ಲಿದ್ದ ಸಂಸ್ಥೆಗೆ ಬರೆದದ್ದೇ?’ ಎರಡನೆಯ ಸಾಲನ್ನು ಮರೆಯಬೇಡಿ. ನೌಕರಿಯ ಭಾಗವಾಗಿ ಬರೆದದ್ದರ ಹಕ್ಕು ಸಾಮಾನ್ಯವಾಗಿ ಮಾಲೀಕರದು. ಉತ್ತರ ಬಂದರೆ, ಹಕ್ಕು ಯಾರದೋ ಅವರ ಒಪ್ಪಿಗೆ ಪಡೆದು, ಆ ಪತ್ರವನ್ನು ಹಾಗೆಯೇ ಕೋಡ್ ಜೊತೆ ಇಡಿ.

ಇನ್ನೊಬ್ಬ ಸದಸ್ಯರು: ಇಷ್ಟು ಚಿಕ್ಕದನ್ನು ಯಾರು ಕೇಳುತ್ತಾರೆ ಮೇಡಂ?

ಉತ್ತರ: 2021ರ ಮಾರ್ಚ್‌ನಲ್ಲಿ ಕೇಳಿದರು. ರೂಬಿ ಭಾಷೆಯ ಮೈಮ್‌ಮ್ಯಾಜಿಕ್ (ಕಡತ ಯಾವ ಬಗೆಯದೆಂದು ಗುರುತಿಸುವ ಕೋಡ್) ಎಂಐಟಿ ಹೆಸರಿನಲ್ಲಿ ಓಡಾಡುತ್ತಿತ್ತು, ಹೊಟ್ಟೆಯಲ್ಲಿ ಜಿಪಿಎಲ್‌ನ ಒಂದು ಎಕ್ಸ್‌ಎಂಎಲ್ ಕಡತ. ಒಬ್ಬರು ಬೊಟ್ಟುಮಾಡಿದ್ದೇ ತಡ, ಹಳೆಯ ಆವೃತ್ತಿಗಳನ್ನು ಹಿಂತೆಗೆದುಕೊಂಡರು. ಜಾಲತಾಣ ಕಟ್ಟಲು ಬಳಸುವ ರೇಲ್ಸ್ ಅದರ ಮೇಲೆ ನಿಂತಿತ್ತು. ಹೊಸದಾಗಿ ರೇಲ್ಸ್ ಹಾಕಿಕೊಳ್ಳಲು ಹೋದವರ ಕೆಲಸ ಕೆಟ್ಟು ನಿಂತಿತು. ಅಪಾಚೆ ಟೀಕಾ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಮಾಹಿತಿ ಬಳಸಿ ರೇಲ್ಸ್ ಹೊಸ ಆವೃತ್ತಿ ಹೊರಡಿಸಬೇಕಾಯಿತು.

ಪ್ರಶ್ನೆ ಕೇಳಿದವರು: ಮೇಡಂ, ಫಾಂಟ್, ಜೆಎಸ್‌ಮಿನ್ ತೆಗೆದೆ. ಮಿಂಚಂಚೆ ಮಾತ್ರ ವಿಳಾಸ ಇಲ್ಲವೆಂದು ಹಿಂದಿರುಗಿತು.

ಉತ್ತರ: ಬೇರೆ ವಿಳಾಸ ಹುಡುಕಿ ಇನ್ನೊಮ್ಮೆ ಬರೆಯಬಹುದು. ನಾನಾಗಿದ್ದರೆ ಆ ಸಿ ಕಡತವನ್ನೇ ಕಿತ್ತುಹಾಕುತ್ತಿದ್ದೆ. ಆ ಕಡತ ಮಾಡುವ ಕೆಲಸವನ್ನು ಸಿ ಲೈಬ್ರರಿಯಲ್ಲಿರುವ ಐಕಾನ್ವ್ ಎಂಬ ಸೌಲಭ್ಯವೇ ಮಾಡುತ್ತದೆ. ಹಳೆಯದನ್ನು ಎದುರಿಗಿಟ್ಟುಕೊಂಡು ‘ನನ್ನ ಮಾತಿನಲ್ಲಿ’ ಬರೆಯಲು ಹೋಗಬೇಡಿ, ಅದೂ ನಕಲೇ ಆದೀತು. ಹಿಂದೆ ಬಿಡುಗಡೆ ಮಾಡಿದ ಟಾರ್ ಕಡತಗಳಲ್ಲೂ (ತಂತ್ರಾಂಶದ ಕಡತಗಳನ್ನೆಲ್ಲ ಸೇರಿಸಿದ ಕಟ್ಟು) ಅದು ಕುಳಿತಿರುತ್ತದೆ, ಅವನ್ನೂ ತಾಣದಿಂದ ತೆಗೆಯಿರಿ.

ಪ್ರಶ್ನೆ ಕೇಳಿದವರು: ಬದಲಿಸಿದೆ ಮೇಡಂ. 212 ಸಾಲು ಇದ್ದಲ್ಲಿ ಈಗ 14 ಸಾಲು. ಹಳೆಯ ಟಾರ್ ಕಡತಗಳನ್ನು ಇಂದು ರಾತ್ರಿ ತೆಗೆಯುತ್ತೇನೆ.