ನೆಪೋಲಿಯನ್ನನಿಗೂ ಹಿಡಿಸದ ಫಿಲ್ಟರ್

"ಇದು ಯಾರೋ ಮಾರಾಯ?" ವಾಸು ಕನ್ನಡಕವನ್ನು ಹಣೆಗೇರಿಸಿ, ಶಂಕ್ರಿಯ ಫೋನನ್ನು ಮೂಗಿನ ತುದಿಗೆ ತಂದುಕೊಂಡು ಕೇಳಿದ.

"ನಾನೇ ಕಣೋ. ಹೊಸ ಡಿಪಿ. ಒಂದು ಫೋಟೋ ಕೊಟ್ಟರೆ ಸಾಕು, ಆಪು ರೋಮನ್ ದೇವರನ್ನಾಗಿ ಮಾಡಿಕೊಡುತ್ತೆ. ಅಮೃತಶಿಲೆ ಎಫೆಕ್ಟು."

"ಹೊಟ್ಟೆ ಎಲ್ಲಿ?"

"ಅದನ್ನು ತೆಗೆದುಬಿಡುತ್ತೆ."

"ಕೂದಲು?"

"ಅದನ್ನು ಕೊಡುತ್ತೆ."

"ಹಾಗಾದರೆ ನಿನ್ನದು ಅಂತ ಉಳಿದಿದ್ದು ಮೂಗೊಂದೇ. ಅದನ್ನೂ ನೆಟ್ಟಗೆ ಮಾಡಿಬಿಟ್ಟಿದೆ. ನಿನ್ನ ಹೆಂಡತಿ ನೋಡಿದರೆ ಯಾರೋ ನೆಂಟರು ಬಂದರು ಅಂತ ಕಾಫಿ ಕೊಟ್ಟಾಳು."

"ಹಾಗಾದರೂ ಸಿಗಲಿ ಬಿಡು" ಎಂದ ಶಂಕ್ರಿ.

ಸರೋಜಕ್ಕ ತಟ್ಟೆಯಲ್ಲಿ ಲೋಟಗಳನ್ನು ತಂದಿಟ್ಟು ತಾವೂ ಜಗುಲಿಯ ಮೇಲೆ ಕೂತರು. ರಾಯರು ಕಾಯುತ್ತಿದ್ದದ್ದು ಇದಕ್ಕೇ. ಮಗನ ಮನೆಗೆ ಲಂಡನ್ನಿಗೆ ಹೋಗಿ ಬಂದ ಮೇಲೆ ಅವರು ಯಾವ ಮಾತನ್ನೂ ಲಂಡನ್ನು ಮುಟ್ಟಿಸದೆ ಬಿಡುವುದಿಲ್ಲ.

"ಹೈಡ್ ಪಾರ್ಕ್ ಮೂಲೆಯಲ್ಲಿ ಆಪ್ಸ್ಲಿ ಹೌಸ್ ಅಂತ ಇದೆ. ಡ್ಯೂಕ್ ಆಫ್ ವೆಲಿಂಗ್ಟನ್ನನ ಮನೆ. ಒಳಗೆ ಹೋದರೆ ಮೆಟ್ಟಿಲ ಬುಡದಲ್ಲಿ ನೆಪೋಲಿಯನ್ ನಿಂತಿದ್ದಾನೆ. ಬೆಳ್ಳನೆ ಕಲ್ಲು, 11 ಅಡಿಗೂ ಜಾಸ್ತಿ ಎತ್ತರ. ಬಲಗೈಯಲ್ಲಿ ಚಿನ್ನದ ಬಣ್ಣದ ಗೋಲ, ಅದರ ಮೇಲೆ ರೆಕ್ಕೆ ಬಿಚ್ಚಿದ ಪುಟ್ಟ ವಿಜಯದೇವತೆ. ಎಡಗೈಯಲ್ಲಿ ಉದ್ದನೆಯ ಕೋಲು. ಕತ್ತಿಯನ್ನು ಪಕ್ಕದ ಮರದ ಬೊಡ್ಡೆಗೆ ನೇತುಹಾಕಿದ್ದಾನೆ. ಎಡ ಭುಜದ ಮೇಲೊಂದು ಹೊದಿಕೆ..."

"ಮತ್ತೆ ಬಟ್ಟೆ?" ಎಂದರು ಸರೋಜಕ್ಕ.

"ಅಷ್ಟೇ. ಮಾನ ಮುಚ್ಚಲು ಒಂದು ಎಲೆ ಇದೆ."

"ಅಯ್ಯೋ, ಚಳಿ ಬರೀ ಭುಜಕ್ಕೆ ಆಗುತ್ತಿತ್ತಾ ಅವನಿಗೆ?"

"ಅವನ ತಪ್ಪಲ್ಲ ಸರೋಜಕ್ಕ" ಎಂದ ವಾಸು. "ಅವನು ಸೇನೆಯ ಸಮವಸ್ತ್ರದಲ್ಲೇ ಇರಲಿ ಅಂದಿದ್ದ. ಶಿಲ್ಪಿ ಕಾನೋವಾ ಒಪ್ಪಲಿಲ್ಲ. ಇಟಲಿಯವನು, ಆಗ ಯೂರೋಪಿಗೆಲ್ಲ ದೊಡ್ಡ ಹೆಸರು. ಹಳೇ ಗ್ರೀಕ್, ರೋಮನ್ ವಿಗ್ರಹ ಬಿಟ್ಟರೆ ಬೇರೆ ಶಿಲ್ಪವೇ ಇಲ್ಲ ಅನ್ನುವ ಹುಚ್ಚು ಹಿಡಿದಿದ್ದ ಕಾಲ. ವೀರ ಅಂದಮೇಲೆ ಬಟ್ಟೆ ಬಿಚ್ಚಲೇಬೇಕು. 1802ರಲ್ಲಿ ಪ್ಯಾರಿಸ್ಸಿಗೆ ಬಂದು ಎದುರಿಗೆ ಕೂರಿಸಿಕೊಂಡು ಮುಖ ಮಾಡಿಕೊಂಡು ಹೋದ. ಮುಖವೇನೋ ನೆಪೋಲಿಯನ್ನನದೇ. ಕತ್ತಿನ ಕೆಳಗೆ ಮಾತ್ರ ಶಂಕ್ರಿಯ ಆಪು."

"ಯಾವ ದೇವರನ್ನಾಗಿ ಮಾಡಿದ?" ಶಂಕ್ರಿಗೆ ಕುತೂಹಲ.

"ಮಾರ್ಸ್. ರೋಮನ್ನರ ಯುದ್ಧದ ದೇವರು. ಸಾಲದು ಅಂತ 'ಶಾಂತಿ ತರುವ ಮಾರ್ಸ್' ಅಂತ ಹೆಸರಿಟ್ಟ. ಆ ವರ್ಷ ಇಂಗ್ಲೆಂಡಿನ ಜೊತೆ ಒಪ್ಪಂದ ಆಗಿತ್ತು, ಅದಕ್ಕೇ ಕತ್ತಿ ಮರದ ಬೊಡ್ಡೆಯಲ್ಲಿ. ಮಾರನೇ ವರ್ಷವೇ ಮತ್ತೆ ಯುದ್ಧ. ಕಾನೋವಾ 1806ರಲ್ಲಿ ಉಳಿ ಕೆಳಗಿಡುವಷ್ಟರಲ್ಲಿ ಶಾಂತಿದೇವರು ಆಸ್ಟ್ರಿಯಾವನ್ನು ಬಗ್ಗುಬಡಿದು ಪ್ರಶ್ಯದ ಮೇಲೆ ಬಿದ್ದಿದ್ದ. ಕಲ್ಲು ಕೆತ್ತುವ ಕೆಲಸ ನಿಧಾನ ನೋಡು, ಗಿರಾಕಿಗೆ ಅವಸರ."

"ನೋಡಿ ಖುಷಿಪಟ್ಟಿರಬೇಕು."

"ಅಲ್ಲೇ ಇರೋದು. ವಿಗ್ರಹ ಪ್ಯಾರಿಸ್ಸಿಗೆ ಬಂದಿದ್ದು 1811ರಲ್ಲಿ. ಅಷ್ಟರಲ್ಲಿ ನಲವತ್ತು ದಾಟಿ, ಹೊಟ್ಟೆ ಮುಂದೆ ಬಂದಿತ್ತು. ನೋಡಿದ. ತೀರಾ ಪೈಲ್ವಾನನ ಮೈಯಾಯಿತು ಅಂದ. ಜನರಿಗೆ ತೋರಿಸಬೇಡಿ ಅಂತ ಲೂವ್ರ್‌ನಲ್ಲಿ ಮರೆಮಾಡಿಸಿಬಿಟ್ಟ. ಪ್ರಪಂಚದಲ್ಲಿ ಫಿಲ್ಟರ್ ಹಾಕಿದ ಫೋಟೋ ನೋಡಿ 'ಇದು ನಾನಲ್ಲ' ಅಂದವನು ಅವನೊಬ್ಬನೇ. ಅರ್ಧ ಯೂರೋಪ್ ಕೈಲಿದ್ದವನಿಗೇ ಅಷ್ಟು ನಾಚಿಕೆ ಇತ್ತು. ನಿನ್ನ ಕೈಲಿ ಏನಿದೆಯೋ? ಎರಡನೇ ಮಹಡಿಯಲ್ಲಿ ಒಂದು ಫ್ಲ್ಯಾಟು, ಅದೂ ಸಾಲದ್ದು."

ಶಂಕ್ರಿ ಸೋಲುವವನಲ್ಲ. "ಎಲ್ಲರೂ ಹಾಗೇ ಅಂದರಾ? ಹೆಂಗಸರು ಯಾರಾದರೂ ಮಾಡಿಸಿಕೊಂಡಿರಬೇಕಲ್ಲ?"

"ಅವನ ತಂಗಿಯೇ ಮಾಡಿಸಿಕೊಂಡಳು, ಪಾವೊಲೀನ. ರೋಮಿನ ಬೋರ್ಗೇಸೆ ಮನೆಯ ಸೊಸೆ. ಕಾನೋವಾ ಡಯಾನಾ ಮಾಡೋಣ ಅಂದ. ಡಯಾನಾ ಅಂದರೆ ಕನ್ಯಾದೇವತೆ. ಅವಳು ಅದು ಬೇಡ, ಪ್ರೇಮದೇವತೆ ವೀನಸ್ಸೇ ಆಗಬೇಕು ಅಂತ ಹಟ ಹಿಡಿದಳು. ಸುಂದರಿಯರ ಪಂದ್ಯದಲ್ಲಿ ಗೆದ್ದ ಸೇಬು ಕೈಯಲ್ಲಿ, ಮಂಚದ ಮೇಲೆ ಒರಗಿ ಕೂತಿದ್ದಾಳೆ. ಹಾಸಿಗೆಯ ಸುಕ್ಕು ನೋಡಿದರೆ ಕೈಯಾಡಿಸಿ ಸರಿಮಾಡಬೇಕು ಅನಿಸುತ್ತೆ, ಕಲ್ಲು ಅಂತ ನಂಬಿಕೆ ಬರಲ್ಲ. ಮಂಚದೊಳಗೆ ಯಂತ್ರ ಇಟ್ಟು, ಅವಳು ನಿಧಾನವಾಗಿ ತಿರುಗುವ ಹಾಗೆ ಮಾಡಿದ್ದರು. ಸಂಜೆ ದೀಪದ ಬೆಳಕಿನಲ್ಲಿ ಜನ ಸುತ್ತ ನಿಂತು ನೋಡೋದು."

"ರೀಲ್ಸ್!" ಶಂಕ್ರಿ ತೊಡೆ ತಟ್ಟಿದ.

"ರೀಲ್ಸೇ. ಸೆಲ್ಫಿಯೂ ಆಯಿತು. ಅದರ ಪ್ಲಾಸ್ಟರ್ ಮಾದರಿ ಕಾನೋವಾನ ಊರು ಪೊಸಾನ್ಯೋದಲ್ಲಿದೆ. 2020ರಲ್ಲಿ ಆಸ್ಟ್ರಿಯಾದ ಒಬ್ಬ ಮಹಾನುಭಾವ ಫೋಟೋ ತೆಗೆಸಿಕೊಳ್ಳಲು ಅದರ ಮೇಲೇ ಕೂತ. ಕಾಲ್ಬೆರಳು ಮುರಿದವು."

"ಅವನದಾ?"

"ಅವಳದು. ಅವನದಾಗಿದ್ದರೆ ನನಗೇನೂ ಬೇಜಾರಿರಲಿಲ್ಲ."

ರಾಯರಿಗೆ ಮಾತು ತಮ್ಮ ಲಂಡನ್ನಿಂದ ಇಟಲಿಗೆ ಜಾರಿದ್ದು ಸಹಿಸಲಿಲ್ಲ. "ಅದಿರಲಿ, ನೆಪೋಲಿಯನ್ ವೈರಿಯ ಮನೆ ಸೇರಿದ್ದು ಹೇಗೆ ಅಂತ ಕೇಳಿ. ವಾಟರ್ಲೂ ಯುದ್ಧದಲ್ಲಿ ವೆಲಿಂಗ್ಟನ್ ಅವನನ್ನು ಸೋಲಿಸಿದ ಮಾರನೇ ವರ್ಷ, 1816ರಲ್ಲಿ, ಇಂಗ್ಲೆಂಡಿನ ಸರ್ಕಾರ 66,000 ಫ್ರಾಂಕ್ ಕೊಟ್ಟು ಕೊಂಡುಕೊಂಡಿತು. ವೆಲಿಂಗ್ಟನ್ನನಿಗೆ ಉಡುಗೊರೆ. ಭಾರ ತಡೆಯಲಿ ಅಂತ ಕೆಳಗಿನ ನೆಲವನ್ನೇ ಗಟ್ಟಿಮಾಡಿಸಬೇಕಾಯಿತು."

"ಆ ವೆಲಿಂಗ್ಟನ್ ಯಾರು ಗೊತ್ತಾ ಶಂಕ್ರಿ?" ವಾಸು ಲೋಟ ಕೆಳಗಿಟ್ಟ. "ನಮ್ಮ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಸುಲ್ತಾನ್‌ಪೇಟೆ ತೋಪಿಗೆ ರಾತ್ರಿ ನುಗ್ಗಲು ಹೋಗಿ, ಕತ್ತಲಲ್ಲಿ ದಾರಿ ತಪ್ಪಿ, ಮಂಡಿಗೆ ಪೆಟ್ಟು ತಿಂದು ವಾಪಸ್ ಬಂದವನು. ಅದೇ ವರ್ಷ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ, ಬರ್ತೀನಿ ಇರು ಅಂತ ಕಾಗದ ಬರೆದಿದ್ದ. ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಟಿಪ್ಪು ಸತ್ತ ಮೇಲೆ ವೆಲ್ಲೆಸ್ಲಿ ಉಳಿದುಕೊಂಡಿದ್ದು ದರಿಯಾ ದೌಲತ್‌ನಲ್ಲಿ. ಅಲ್ಲಿ ಗೋಡೆಯ ಮೇಲೆ ಏನಿದೆ? ಪೊಲ್ಲಿಲೂರಿನಲ್ಲಿ ಹೈದರ್, ಟಿಪ್ಪು ಕೈಲಿ ಇಂಗ್ಲಿಷರು ಸೋತ ಚಿತ್ರ. ಅವರ ಕರ್ನಲ್ ಬೈಲಿ ಪಲ್ಲಕ್ಕಿಯೊಳಗೆ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಆ ಮನೆಯಲ್ಲಿ ಇದ್ದು ಬಂದವನಿಗೆ ಮೆಟ್ಟಿಲ ಕೆಳಗೆ ಸೋತವನೊಬ್ಬನನ್ನು ನಿಲ್ಲಿಸಿಕೊಳ್ಳಬೇಕು ಅನಿಸಿದ್ದರೆ ಏನಾಶ್ಚರ್ಯ?"

"ಬೈಲಿ ನಿಜವಾಗಿ ಬೆರಳು ಕಚ್ಚಿಕೊಂಡಿದ್ದನಾ?"

ವಾಸು ತಡೆದ. "ಯಾರಿಗೆ ಗೊತ್ತು. ಗೆದ್ದವರು ಬರೆಸಿದ್ದು. ಅದೂ ಫಿಲ್ಟರೇ ಅನ್ನು."

"ಅಂದರೆ ನಾನು ಹೇಳಿದ್ದೇ ಸರಿ. ಎಲ್ಲ ಕಾಲದಲ್ಲೂ ಇತ್ತು."

"ಇತ್ತಪ್ಪ. ಆದರೆ ಒಂದೊಂದು ಫಿಲ್ಟರಿಗೆ ಮೂರು ನಾಲ್ಕು ವರ್ಷ ಉಳಿ ಹೊಡೆಯಬೇಕಿತ್ತು. ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್ ಜೊತೆ ಬರುತ್ತಿರಲಿಲ್ಲ."

ಸರೋಜಕ್ಕ ಇಷ್ಟು ಹೊತ್ತು ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಾ ಕೂತಿದ್ದರು. "ನಮ್ಮವರು ಹೋದಾಗ ಫೋಟೋ ದೊಡ್ಡದು ಮಾಡಿಕೊಡಿ ಅಂತ ಸ್ಟುಡಿಯೋಗೆ ಕೊಟ್ಟಿದ್ದೆ. ಕೋಟು ಹಾಕಿ ಕೊಟ್ಟರು. ಒಂದು ದಿನ ಕೋಟು ಹಾಕಿದವರಲ್ಲ. ಸುಕ್ಕು ತೆಗೆದರು, ಕೆನ್ನೆ ಮೇಲಿನ ಮಚ್ಚೆಯನ್ನೂ ತೆಗೆದುಬಿಟ್ಟರು. ದಿನಾ ಹೂವು ಇಡ್ತೀನಿ. ಒಂದೊಂದು ಸಲ ಯಾರಿಗೆ ಇಡ್ತಿದ್ದೀನಿ ಅನಿಸುತ್ತೆ."

ವಾಸುಗೂ ಮಾತು ಹೊಳೆಯಲಿಲ್ಲ. ಶಂಕ್ರಿಯೇ ಕೇಳಿದ: "ಬೇರೆ ಫೋಟೋ ಇಲ್ವಾ ಅಕ್ಕ?"

"ಎಲೆಕ್ಷನ್ ಕಾರ್ಡಿನಲ್ಲಿ ಇದೆ. ಅದರಲ್ಲಿ ಪೊಲೀಸರ ಕೈಗೆ ಸಿಕ್ಕವರ ಹಾಗಿದ್ದಾರೆ."

"ಮಚ್ಚೆ ಕಾಣುತ್ತಾ?"

"ಅದೊಂದೇ ಕಾಣೋದು."

"ಕೊಡಿ ಅಕ್ಕ. ಅದನ್ನೇ ದೊಡ್ಡದು ಮಾಡಿಸ್ತೀನಿ. ಏನೂ ತಿದ್ದಬೇಡಿ ಅಂತ ಎದುರಿಗೇ ನಿಂತು ಮಾಡಿಸ್ತೀನಿ."

"ಕೋಟು?" ಎಂದ ವಾಸು.

"ಕೋಟು ಬೇಡಪ್ಪ. ಅಂಗಿ ಮಾತ್ರ ಇರಲಿ. ಆ ಕಾನೋವಾ ಅಂತ ಯಾರೋ ಹೇಳಿದೆಯಲ್ಲ, ಅಂಥವರ ಕೈಗೆ ಕೊಟ್ಟೀರಿ ಮತ್ತೆ!"