ಬ್ರೆಕ್ಸಿಟ್ ಮಾತುಕತೆ ಅಷ್ಟು ವರ್ಷ ಯಾಕೆ ಎಳೆಯಿತು?

ಕಾಳಿ_ದಂಡೆ ಕೇಳಿದ್ದು:

ನಮ್ಮ ಮನೆ ಸದಾಶಿವಗಡದಲ್ಲಿ. ಸೋದರತ್ತೆಯನ್ನು ಕೊಟ್ಟಿದ್ದು ಗೋವಾದ ಕಾಣಕೋಣಕ್ಕೆ. ಮಾವ ಹುಟ್ಟಿದ್ದು 1961ರ ಡಿಸೆಂಬರ್‌ಗಿಂತ ಮೊದಲು, ಅಂದರೆ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ. ಹಾಗಾಗಿ ಅವರ ಜನನ ಲಿಸ್ಬನ್‌ನಲ್ಲಿ ನೋಂದಣಿ ಆಯಿತು, ಇಬ್ಬರು ಮಕ್ಕಳಿಗೂ ಪೋರ್ಚುಗೀಸ್ ಪಾಸ್‌ಪೋರ್ಟ್ ಸಿಕ್ಕಿತು. ಪೋರ್ಚುಗಲ್ ಐರೋಪ್ಯ ಒಕ್ಕೂಟದ ದೇಶ. ಬ್ರಿಟನ್ನೂ ಆಗ ಅದರಲ್ಲೇ ಇದ್ದದ್ದರಿಂದ ಆ ಪಾಸ್‌ಪೋರ್ಟಿನಲ್ಲಿ ಅಲ್ಲಿ ವೀಸಾ ಇಲ್ಲದೆ ಕೆಲಸ ಮಾಡಬಹುದಿತ್ತು. ದೊಡ್ಡವನು 2014ರಲ್ಲಿ ಇಂಗ್ಲೆಂಡಿನ ಸ್ವಿಂಡನ್‌ಗೆ ಹೋದ. ಗೋದಾಮಿನಲ್ಲಿ ಕೆಲಸ. ಆ ಊರಲ್ಲಿ ಗೋವಾದವರು ತುಂಬಾ ಜನ ಇದ್ದಾರೆ.

2016ರ ಜೂನ್ 24ರಂದು ಅತ್ತೆ ಫೋನ್ ಮಾಡಿದರು. "ಅವನನ್ನು ವಾಪಸ್ ಕಳಿಸ್ತಾರಂತೆ, ಹೌದಾ?" ನನಗೆ ಏನೂ ಗೊತ್ತಿರಲಿಲ್ಲ. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಗೆ ಬರಬೇಕೇ ಎಂದು ಅಲ್ಲಿನ ಜನ ಮತ ಹಾಕಿದ್ದರು. ಟಿವಿಯಲ್ಲಿ ಬರಲಿ ಎಂದವರು ಶೇಕಡಾ 52, ಬೇಡ ಎಂದವರು 48 ಎಂದು ತೋರಿಸುತ್ತಿದ್ದರು. ಬ್ರಿಟನ್ ನಿಜವಾಗಿ ಹೊರಗೆ ಬಂದದ್ದು 2020ರ ಜನವರಿ 31ಕ್ಕೆ. ಅಲ್ಲಿಯವರೆಗೂ ಅತ್ತೆ ಅದನ್ನೇ ಕೇಳುತ್ತಿದ್ದರು. ಮೂರೂವರೆ ವರ್ಷ ಒಬ್ಬ ತಾಯಿಗೆ ಯಾರೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಈಗ ನಾನು ಎಂ.ಎ. ಸೆಮಿನಾರಿಗೆ ಇದೇ ವಿಷಯ ತೆಗೆದುಕೊಂಡಿದ್ದೇನೆ. ಪುಸ್ತಕದಲ್ಲಿ ತಾರೀಕುಗಳಿವೆ. ಯಾಕೆ ಎಂಬುದು ಸಿಗುತ್ತಿಲ್ಲ. ಜನ ಹೇಳಿ ಆಗಿತ್ತು. ಹೊರಡುವುದಷ್ಟೇ ಬಾಕಿ. ಅದಕ್ಕೆ ಅಷ್ಟು ವರ್ಷ ಯಾಕೆ ಬೇಕಾಯಿತು?

ಶಿರಸಿ_ತೋಟದವ:

ನಮ್ಮಲ್ಲಿ ಹಿಸೆ ಆಗುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಬೇರೆ ಆಗೋಣ ಎಂಬ ಮಾತು ಒಂದು ಸಂಜೆಯಲ್ಲಿ ಬಂದುಬಿಡುತ್ತದೆ. ಪಾಲುಪಟ್ಟಿಗೆ ಎಲ್ಲರ ಸಹಿ ಬೀಳಲು ವರ್ಷಗಳು ಬೇಕು. ಅಡಿಕೆ ತೋಟವನ್ನಾದರೆ ಅಳೆಯಬಹುದು. ನೀರಿನ ಸರದಿ, ಬೆಟ್ಟದ ಸೊಪ್ಪು, ತೋಟಕ್ಕೆ ಇಳಿಯುವ ದಾರಿ, ಇವೇ ಕಷ್ಟ.

ಬ್ರಿಟನ್ 1973ರಿಂದ ಆ ಮನೆಯಲ್ಲಿತ್ತು. 2017ರ ಮಾರ್ಚ್ 29ರಂದು ಪ್ರಧಾನಿ ತೆರೇಸಾ ಮೇ ಒಕ್ಕೂಟದ ಒಪ್ಪಂದದ 50ನೇ ವಿಧಿಯಂತೆ ಹೊರಗೆ ಹೋಗುತ್ತೇವೆ ಎಂಬ ನೋಟಿಸ್ ಕೊಟ್ಟರು. ಆ ದಿನದಿಂದ ಎರಡು ವರ್ಷ ಗಡುವು. ಮುಂದೂಡಬೇಕಾದರೆ ಉಳಿದ 27 ದೇಶಗಳೂ ಒಪ್ಪಬೇಕು. ಬ್ರಿಟನ್ ಒಕ್ಕೂಟಕ್ಕೆ ಕೊಡಬೇಕಾದ ಹಳೇ ಬಾಕಿಯೇ ಸುಮಾರು 39 ಬಿಲಿಯನ್ ಪೌಂಡ್ ಎಂದು ಲೆಕ್ಕವಾಯಿತು. 2018ರ ನವೆಂಬರಿನಲ್ಲಿ ಒಂದು ಒಪ್ಪಂದವೂ ತಯಾರಾಯಿತು. ಆದರೆ ಅವರದೇ ಸಂಸತ್ತು 2019ರ ಜನವರಿಯಲ್ಲಿ ಅದನ್ನು 432ಕ್ಕೆ 202 ಮತಗಳಿಂದ ತಳ್ಳಿಹಾಕಿತು. ಮಾರ್ಚ್‌ನಲ್ಲಿ ಮತ್ತೆ ಎರಡು ಸಲ ಸೋತಿತು. ಗಡುವು ಮಾರ್ಚ್‌ನಿಂದ ಏಪ್ರಿಲ್‌ಗೆ, ಅಲ್ಲಿಂದ ಅಕ್ಟೋಬರ್‌ಗೆ, ಅಲ್ಲಿಂದ ಜನವರಿಗೆ ಹೋಯಿತು. ನಡುವೆ ತೆರೇಸಾ ಮೇ ಹೋಗಿ ಬೋರಿಸ್ ಜಾನ್ಸನ್ ಪ್ರಧಾನಿಯಾಗಿ ಬಂದರು.

ಮಾಜಾಳಿ_ಲಾರಿ_ಆಫೀಸು:

ತಂಗಿ, ಶಿರಸಿಯವರು ಹೇಳಿದ ತಾರೀಕುಗಳೆಲ್ಲ ಸರಿ. ಹಿಸೆಯ ಹೋಲಿಕೆ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಿಸೆಯಲ್ಲಿ ಇರುವುದನ್ನು ಹಂಚುತ್ತಾರೆ. ಅಲ್ಲಿ ಇಲ್ಲದ ಒಂದನ್ನು ಹೊಸದಾಗಿ ಕಟ್ಟಬೇಕಾಗಿತ್ತು. ಅದು ಚೆಕ್‌ಪೋಸ್ಟ್. ಎಲ್ಲಿ ಕಟ್ಟುವುದು ಎಂಬಲ್ಲೇ ಎಲ್ಲ ನಿಂತಿತು.

ನಾನು ಇಪ್ಪತ್ತೆರಡು ವರ್ಷ ಲಾರಿ ಆಫೀಸಿನಲ್ಲಿ ಕಾಗದ ಬರೆದವನು. ಗೋವಾ ಗಡಿಯ ಮಾಜಾಳಿಯಲ್ಲಿ ಲಾರಿಗಳ ಸಾಲು ನಿಲ್ಲುತ್ತಿದ್ದದ್ದು ನಿಮ್ಮ ಅಪ್ಪನಿಗೆ ನೆನಪಿರಬಹುದು. ಬಿಲ್ಲಿನಲ್ಲಿ ಒಂದು ಅಂಕಿ ತಪ್ಪಿದರೆ ಡ್ರೈವರ್ ಅಲ್ಲೇ ಅಡುಗೆ ಮಾಡಿಕೊಂಡು ರಾತ್ರಿ ಕಳೆಯುತ್ತಿದ್ದ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಈ ಕಡೆಗೂ ಆ ಕಡೆಗೂ ತೆರಿಗೆ ಒಂದೇ ಆಯಿತು, ವಾಣಿಜ್ಯ ತೆರಿಗೆಯ ತಪಾಸಣೆ ಹೋಯಿತು. ತೆರೇಸಾ ಮೇ ನೋಟಿಸ್ ಕೊಟ್ಟು ಆಗ ಮೂರು ತಿಂಗಳಾಗಿತ್ತು. ನಾವು ಗೇಟು ತೆಗೆದ ವರ್ಷವೇ ಅವರು ಗೇಟು ಹಾಕುವ ಮಾತಿಗೆ ಕೂತಿದ್ದರು. ಅವತ್ತಿನಿಂದ ನಾನು ಆ ಸುದ್ದಿಯನ್ನು ಬಿಡದೆ ಓದಿದ್ದೇನೆ.

ಈಗ ಒಂದು ನೋಡಿ. ನಮ್ಮ ಗಡಿಯಲ್ಲಿ ಅಬಕಾರಿ ತಪಾಸಣೆ ಹೋಗಲಿಲ್ಲ. ಯಾಕೆಂದರೆ ಮದ್ಯ ಜಿಎಸ್‌ಟಿಯಲ್ಲಿ ಇಲ್ಲ. ಗೋವಾದಲ್ಲಿ ಒಂದು ರೇಟು, ನಮ್ಮಲ್ಲಿ ಇನ್ನೊಂದು. ಎರಡು ಕಡೆ ಕಾನೂನು ಬೇರೆ ಆದರೆ ಎಲ್ಲೋ ಒಂದು ಕಡೆ ಡಿಕ್ಕಿ ತೆಗೆದು ನೋಡಲೇಬೇಕು. ಇದಕ್ಕೆ ಬೇರೆ ದಾರಿ ಇಲ್ಲ.

ಬ್ರಿಟನ್ನಿಗೆ ಐರೋಪ್ಯ ಒಕ್ಕೂಟದ ಜೊತೆ ದೊಡ್ಡ ನೆಲದ ಗಡಿ ಇರುವುದು ಐರ್ಲೆಂಡ್ ದ್ವೀಪದಲ್ಲಿ. ಆ ದ್ವೀಪದ ಉತ್ತರದ ತುಂಡು, ಅಂದರೆ ಉತ್ತರ ಐರ್ಲೆಂಡ್, ಬ್ರಿಟನ್ ದೇಶಕ್ಕೆ ಸೇರಿದ್ದು. ಉಳಿದದ್ದು ಐರ್ಲೆಂಡ್ ಎಂಬ ಬೇರೆ ದೇಶ, ಅದು ಒಕ್ಕೂಟದಲ್ಲಿದೆ. ಗಡಿ ಸುಮಾರು 500 ಕಿಲೋಮೀಟರ್. 200ಕ್ಕೂ ಹೆಚ್ಚು ಕಡೆ ರಸ್ತೆಗಳು ಅದನ್ನು ದಾಟುತ್ತವೆ. ಉತ್ತರ ಐರ್ಲೆಂಡಿನಲ್ಲಿ ಮೂವತ್ತು ವರ್ಷ ಬಾಂಬು, ಗುಂಡು. ಸುಮಾರು 3,500 ಜನ ಸತ್ತರು. ಆ ಕಾಲದಲ್ಲಿ ಗಡಿಯ ಠಾಣೆಗಳ ಮೇಲೆಯೇ ದಾಳಿ ಆಗುತ್ತಿತ್ತು. 1998ರ ಒಪ್ಪಂದದಿಂದ ಶಾಂತಿ ಬಂತು, ಸೈನಿಕರ ಕಾವಲು ಗೋಪುರಗಳು ಇಳಿದವು. ಅಲ್ಲಿ ಮತ್ತೆ ಒಂದು ಗೇಟು ಹಾಕಿ ಎಂದು ಹೇಳುವ ಧೈರ್ಯ ಯಾರಿಗೆ ಇರುತ್ತದೆ ಹೇಳಿ?

ಹಾಗಾದರೆ ಗೇಟು ಸಮುದ್ರದಲ್ಲಿ ಹಾಕಿ, ಅಂದರೆ ಬ್ರಿಟನ್ನಿಂದ ಉತ್ತರ ಐರ್ಲೆಂಡಿಗೆ ಹೋಗುವ ಹಡಗಿನ ಸರಕು ನೋಡಿ ಎಂದರೆ, ಬ್ರಿಟನ್ ಜೊತೆಗೇ ಇರಬೇಕು ಎನ್ನುವ ಅಲ್ಲಿನ ಡಿಯುಪಿ ಪಕ್ಷ ಒಪ್ಪಲಿಲ್ಲ. ಒಂದೇ ದೇಶದೊಳಗೆ ಚೆಕ್‌ಪೋಸ್ಟ್ ಯಾಕೆ ಎಂದಿತು. ಅದೂ ನ್ಯಾಯವೇ. ಕಾರವಾರದಿಂದ ಅಂಕೋಲೆಗೆ ಹೋಗುವ ಸಾಮಾನಿಗೆ ಕಾಗದ ಕೇಳಿದರೆ ನಮಗೆ ಹೇಗಾದೀತು? 2017ರ ಜೂನ್ ಚುನಾವಣೆಯಲ್ಲಿ ತೆರೇಸಾ ಮೇ ಬಹುಮತ ಕಳೆದುಕೊಂಡಿದ್ದರು. ಸರ್ಕಾರ ನಿಂತಿದ್ದೇ ಆ ಪಕ್ಷದ 10 ಸಂಸದರ ಮೇಲೆ.

ಮೂರನೆಯ ದಾರಿ ಎಂದರೆ ಗೇಟೇ ಬೇಡ, ಇಡೀ ಬ್ರಿಟನ್ ಒಕ್ಕೂಟದ ಸುಂಕದ ನಿಯಮಕ್ಕೇ ಅಂಟಿಕೊಂಡಿರಲಿ ಎಂಬುದು. ಬೇರೆ ಏನೂ ಕುದುರದಿದ್ದರೆ ಹೀಗೆ ಎಂದು ಮೇ ಅವರ ಒಪ್ಪಂದದಲ್ಲಿ ಬರೆದಿತ್ತು. ಹೊರಗೆ ಬರುವುದೇ ಇದರಿಂದ ಬಿಡಿಸಿಕೊಳ್ಳಲಿಕ್ಕೆ, ಮತ್ತೆ ಇದೇನು ಎಂದು ಅವರ ಪಕ್ಷದವರೇ ತಿರುಗಿಬಿದ್ದರು. ಮೂರು ಸಲ ಸೋತದ್ದಕ್ಕೆ ದೊಡ್ಡ ಕಾರಣ ಇದು.

ಕೊನೆಗೆ 2019ರ ಅಕ್ಟೋಬರಿನಲ್ಲಿ ಜಾನ್ಸನ್ ಗೇಟನ್ನು ಸಮುದ್ರಕ್ಕೇ ಹಾಕಿದರು. ಬೆಲ್‌ಫಾಸ್ಟ್, ಲಾರ್ನ್ ಬಂದರುಗಳಲ್ಲಿ ತಪಾಸಣೆ. ಅದಕ್ಕೂ ಗಲಾಟೆ ಆಯಿತು. 2023ರ ಫೆಬ್ರವರಿಯಲ್ಲಿ ಇನ್ನೊಂದು ಒಪ್ಪಂದ ಮಾಡಿ ಎರಡು ಸಾಲು ಮಾಡಿದರು. ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಸರಕು ಹಸಿರು ಸಾಲಿನಲ್ಲಿ, ಗಡಿ ದಾಟಿ ಹೋಗುವುದು ಕೆಂಪು ಸಾಲಿನಲ್ಲಿ. ಮತ ಹಾಕಿ ಏಳನೇ ವರ್ಷಕ್ಕೆ!

ಕಾಳಿ_ದಂಡೆ:

ಅಣ್ಣಾ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಬೈತಖೋಲದಿಂದ ಮೀನು ತುಂಬಿಕೊಂಡು ಗೋವಾ ಕಡೆ ಟೆಂಪೊ ಓಡಿಸಿದವರು ಅವರು. ಒಂದು ವರ್ಷ ಹೊಸ ಕಾಗದ ಬೇಕು ಎಂದು ತಡೆದು, ಬಂಗಡೆಯ ಬಾಕ್ಸುಗಳ ಮಂಜುಗಡ್ಡೆ ಕರಗಿ, ಬೆಳಗಾಗುವಾಗ ಮನೆಗೆ ತಿರುಗಿ ಬಂದಿದ್ದರು. ಅವರು ಕೇಳಿದ್ದು ಒಂದೇ: ಅಲ್ಲಿನ ಮೀನುಗಾರರ ಕತೆ ಏನಾಯಿತು?

ನನ್ನದೂ ಒಂದಿದೆ. ಅತ್ತೆಯ ಚಿಕ್ಕ ಮಗನೂ ಅಣ್ಣನ ಹತ್ತಿರ ಹೋಗಬೇಕು ಎನ್ನುತ್ತಿದ್ದಾನೆ. ಆ ಪಾಸ್‌ಪೋರ್ಟಿಗೆ ಈಗ ಬೆಲೆ ಇದೆಯಾ?

ಮಾಜಾಳಿ_ಲಾರಿ_ಆಫೀಸು:

ಅಪ್ಪನಿಗೆ ಹೇಳಿ, ಕತೆ ಅವರದೇ. 2020ರ ಡಿಸೆಂಬರ್ 24ರಂದು ವ್ಯಾಪಾರ ಒಪ್ಪಂದ ಆಗುವಾಗ ಕೊನೆಯವರೆಗೂ ಜಗಳ ಉಳಿದದ್ದು ಮೀನಿನ ಮೇಲೆಯೇ. ಬ್ರಿಟನ್ನಿನ ನೀರಿನಲ್ಲಿ ಒಕ್ಕೂಟದ ದೋಣಿಗಳು ಹಿಡಿಯುತ್ತಿದ್ದ ಮೀನಿನ ಬೆಲೆಯಲ್ಲಿ ಶೇಕಡಾ 25ರಷ್ಟು ಪಾಲು ಐದೂವರೆ ವರ್ಷದಲ್ಲಿ ಬ್ರಿಟನ್ನಿಗೆ ಬರಬೇಕು ಎಂದಾಯಿತು. ಮೀನುಗಾರರು ಇದಕ್ಕಿಂತ ತುಂಬಾ ಜಾಸ್ತಿ ನಂಬಿಕೊಂಡಿದ್ದರು. 2025ರ ಮೇ ತಿಂಗಳಲ್ಲಿ ಒಕ್ಕೂಟದ ದೋಣಿಗಳಿಗೆ 2038ರವರೆಗೆ ಆ ನೀರು ತೆರೆದೇ ಇರಲಿ ಎಂದು ಮತ್ತೆ ಒಪ್ಪಿದರು.

ಹಿಡಿದದ್ದನ್ನು ಮಾರುವುದೂ ಕಷ್ಟವಾಯಿತು. 2021ರ ಜನವರಿಯಿಂದ ಯುರೋಪಿಗೆ ಹೋಗುವ ಮೀನಿಗೆ ಆರೋಗ್ಯ ಪ್ರಮಾಣಪತ್ರ, ಎಲ್ಲಿ ಹಿಡಿದದ್ದು ಎಂಬ ಪ್ರಮಾಣಪತ್ರ, ಸುಂಕದ ಕಾಗದ ಎಲ್ಲ ಬೇಕಾಯಿತು. ಮರುದಿನ ಫ್ರಾನ್ಸಿನ ಮಾರುಕಟ್ಟೆಯಲ್ಲಿ ಇರಬೇಕಾದ ಸ್ಕಾಟ್ಲೆಂಡಿನ ಸಿಗಡಿ, ಏಡಿ ದಾರಿಯಲ್ಲೇ ಉಳಿಯಿತು. ಮೀನಿನವರು ಲಾರಿಗಳನ್ನು ಲಂಡನ್ನಿಗೇ ತಂದು ಪ್ರತಿಭಟನೆ ಮಾಡಿದರು. ಫೋಟೊ ನೋಡಿದಾಗ ನನಗೆ ನಮ್ಮ ಟೆಂಪೊಗಳೇ ಕಂಡವು. ಮೀನಿಗೆ ಕಾಗದದ ಭಾಷೆ ತಿಳಿಯುವುದಿಲ್ಲ, ತಂಗಿ. ಅದು ಕೆಡುತ್ತದೆ.

ಹೊನ್ನಾವರದ_ನರ್ಸ್:

ನಾನು ಇಂಗ್ಲೆಂಡಿನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಸೆಮಿನಾರಿನಲ್ಲಿ ಇದನ್ನು ಖಂಡಿತ ಹೇಳು ತಂಗಿ. 2016ರಲ್ಲಿ ನಾನು ಭಾರತದ ಪಾಸ್‌ಪೋರ್ಟಿನಲ್ಲೇ ಮತ ಹಾಕಿದೆ. ಅಲ್ಲಿ ವಾಸವಿರುವ ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕು ಇತ್ತು. ನಿಮ್ಮ ಅತ್ತೆಯ ಮಗನಿಗೆ ಇರಲಿಲ್ಲ. ಪೋರ್ಚುಗೀಸ್ ಪ್ರಜೆಯಾದ ಮೇಲೆ ಅವನು ಭಾರತದ ಪೌರತ್ವ ಬಿಟ್ಟಿರುತ್ತಾನೆ. ಅವನ ಬದುಕಿನ ಪ್ರಶ್ನೆಗೆ ನಾನು ಉತ್ತರ ಹೇಳಿದೆ, ಅವನು ಹೇಳುವ ಹಾಗಿರಲಿಲ್ಲ. ನನ್ನ ವಾರ್ಡಿನಲ್ಲಿ ಮಡಗಾಂವಿನ ಒಬ್ಬಳು ಇದ್ದಳು, ಅದೇ ಪಾಸ್‌ಪೋರ್ಟಿನವಳು. ಮತ ಹಾಕಿ ಬಂದ ದಿನ ಅವಳ ಮುಖ ನೋಡಲು ನನಗೆ ಆಗಲಿಲ್ಲ. ಉಳಿಯೋಣ ಎಂದೇ ಹಾಕಿದ್ದೆ, ಆದರೂ.

ಅವನು 2014ರಲ್ಲೇ ಹೋಗಿದ್ದರಿಂದ ಐದು ವರ್ಷ ತುಂಬಿದೆ. ಮೊದಲೇ ಬಂದು ನೆಲೆಸಿದ್ದ ಒಕ್ಕೂಟದವರಿಗೆ ಕೊಟ್ಟ ಗಡುವು 2021ರ ಜೂನ್ 30. ಅದರೊಳಗೆ ಅರ್ಜಿ ಹಾಕಿದ್ದರೆ ಕಾಯಂ ನೆಲೆಯ ಹಕ್ಕು ಸಿಕ್ಕಿರುತ್ತದೆ. ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಚಿಕ್ಕವನಿಗೆ ಆ ದಾರಿ ಮುಚ್ಚಿದೆ. ಬ್ರಿಟನ್ನಿನಲ್ಲಿ ಕೆಲಸಕ್ಕೆ ಅವನಿಗೂ ನನ್ನ ಹಾಗೆ ವೀಸಾ ಬೇಕು. ಆದರೆ ಐರ್ಲೆಂಡ್ ಇನ್ನೂ ಒಕ್ಕೂಟದಲ್ಲೇ ಇದೆ. ಆ ಪಾಸ್‌ಪೋರ್ಟ್ ಹಿಡಿದು ಅವನು ಡಬ್ಲಿನ್ನಿಗೆ ಹೋಗಿ ವೀಸಾ ಇಲ್ಲದೆ ಕೆಲಸ ಮಾಡಬಹುದು. ಅತ್ತೆ ಮುಂದಿನ ಸಲ ಫೋನ್ ಮಾಡಿದಾಗ ಇದನ್ನು ಮೊದಲು ಹೇಳು.